ಐರ್ಲೆಂಡಿನ ಮಾಟಗಾತಿ ಹುಡುಗಿ ಕೊಡಗಿಗೆ ಬಂದರೆ ಅವಳ ವಿದ್ಯೆ ಇಲ್ಲಿ ನಡೆಯುತ್ತದಾ?

ಮಂಜಿನಮಲೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವಳು. ಹೈಸ್ಕೂಲು, ಪಿಯುಸಿ ಮಕ್ಕಳು ಓದುವಂಥ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ, ಕನ್ನಡದಲ್ಲೇ. ಅರ್ಧ ಮುಗಿದಿದೆ. ಈಗ ಕಥೆ ಒಂದು ಕಡೆ ಸಿಕ್ಕಿಹಾಕಿಕೊಂಡಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾಯಕಿ ನಿಯಾ, ವಯಸ್ಸು 17. ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ ಹುಟ್ಟಿ ಬೆಳೆದವಳು. ಅಮ್ಮ ಕೊಡವರ ಮನೆಯವರು, ಅಲ್ಲಿ ನರ್ಸ್. ಅಪ್ಪ ಐರಿಶ್. ಅಪ್ಪನ ಅಜ್ಜಿಯಿಂದ ಅವಳಿಗೆ ವಿದ್ಯೆ ಬಂದಿದೆ. ಮೊಬೈಲಿನಲ್ಲಿ ಹುಣ್ಣಿಮೆ ಅಮಾವಾಸ್ಯೆ ನೋಡಿಕೊಂಡು, ಅಡುಗೆಮನೆ ಕಿಟಕಿಯಲ್ಲಿ ಗಿಡಮೂಲಿಕೆ ಬೆಳೆಸಿಕೊಂಡು, ಪರೀಕ್ಷೆಗೂ ಓದಿಕೊಂಡು ಇರುವ ಈ ಕಾಲದ ಮಾಟಗಾತಿ. ಅವಳ ಹಿಂದೆ ಮೊರಿಗನ್ ಬಿದ್ದಿದ್ದಾಳೆ. ಮೊರಿಗನ್ ಅಂದರೆ ಐರಿಶ್ ಪುರಾಣದ ಯುದ್ಧದೇವತೆ, ಕಾಗೆಯ ರೂಪದಲ್ಲಿ ಬರುತ್ತಾಳೆ, ಯಾರು ಸಾಯುತ್ತಾರೆ ಅಂತ ಮೊದಲೇ ತಿಳಿದವಳು.

ಅಷ್ಟರಲ್ಲಿ ಅಮ್ಮನ ತಂದೆ ತೀರಿಕೊಳ್ಳುತ್ತಾರೆ. ಜುಲೈ ಕೊನೆಯಲ್ಲಿ ಎಲ್ಲರೂ ಕೊಡಗಿನ ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ, ಬರುತ್ತಾರೆ. ಇಲ್ಲಿಂದ ನನಗೆ ಕಷ್ಟ ಶುರು.

ನಿಯಾಳ ವಿದ್ಯೆ ಇಲ್ಲಿ ನಡೆಯಬೇಕಾ, ಬೇಡವಾ? ಅಲ್ಲಿನ ದೇವತೆ ಸಮುದ್ರ ದಾಟಿ ಇಲ್ಲಿಗೆ ಬಂದರೆ ಓದುವವರು ಒಪ್ಪುತ್ತಾರಾ? ನಾನು ಬರೆದಿರುವ ಪ್ರಕಾರ ನಿಯಾ ಊರಿನ ದೇವರಕಾಡಿನೊಳಗೆ ಹೋಗಿ ಅಲ್ಲಿ ಶೀ ಜನರ, ಅಂದರೆ ಐರಿಶ್ ಕಥೆಗಳಲ್ಲಿ ಗುಡ್ಡಗಳ ಒಳಗೆ ಇರುವ ಮಾಯಾ ಜನರ, ಲೋಕಕ್ಕೆ ಬಾಗಿಲು ತೆರೆಯುತ್ತಾಳೆ. ಈ ಅಧ್ಯಾಯ ಓದಿದ ನನ್ನ ಗೆಳತಿ, ಅವಳು ಕೊಡವತಿ, "ಇದು ಸರಿ ಇಲ್ಲ" ಅಂದಳು. ಯಾಕೆ ಅಂತ ಬಿಡಿಸಿ ಹೇಳಲಿಲ್ಲ. ನಾನು ಕೊಡವಳಲ್ಲ, ಹಾಗಾಗಿ ಈ ವಿಷಯ ತಿಳಿದವರಿಂದಲೇ ಕೇಳಬೇಕು ಅನ್ನಿಸಿತು.

ಇನ್ನೊಂದು. ಇಂಟರ್‌ನೆಟ್ಟಿನಲ್ಲಿ ಕೆಲ್ಟಿಕ್ (ಐರ್ಲೆಂಡ್, ವೇಲ್ಸ್ ಕಡೆಯ ಹಳೆಯ ಜನರದು) ಅಂತ ಸಿಗುವುದರಲ್ಲಿ ಎಷ್ಟು ಹಳೆಯದು, ಎಷ್ಟು ಈಚಿನದು ಅಂತ ಗೊತ್ತಿರುವವರು ಹೇಳಿದರೆ ತುಂಬಾ ಉಪಕಾರ.

ಹಳೇಪುಟ ಬರೆದದ್ದು:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಈ ಕಾಲದ ಮಾಟಗಾತಿಯರು ಪಾಲಿಸುವ ಪದ್ಧತಿ, ಅಂದರೆ ವಿಕ್ಕಾ ಮತ್ತು ಅದರ ಸುತ್ತಮುತ್ತಲಿನದು, ಬಹಳ ಹಳೆಯದಲ್ಲ. ಇಂಗ್ಲೆಂಡಿನಲ್ಲಿ 1735ರ ಮಾಟದ ಕಾಯ್ದೆಯನ್ನು 1951ರಲ್ಲಿ ತೆಗೆದುಹಾಕಿದರು, ಆಮೇಲೆ ಜೆರಾಲ್ಡ್ ಗಾರ್ಡ್ನರ್ ಎಂಬಾತ ಇದನ್ನೆಲ್ಲ ಬಹಿರಂಗವಾಗಿ ಬರೆದು ಹರಡಿದ. ವರ್ಷಕ್ಕೆ ಎಂಟು ಹಬ್ಬದ ಚಕ್ರವೂ ಈಗಿನ ರೂಪಕ್ಕೆ ಬಂದದ್ದು ಆ ಕಾಲದಲ್ಲೇ. ತಿಂಗಳಿಗೊಂದು ಮರ ಅಂತ ಕೆಲ್ಟಿಕ್ ಮರಗಳ ಕ್ಯಾಲೆಂಡರ್ ಸಿಗುತ್ತದಲ್ಲ, ಅದು ಕವಿ ರಾಬರ್ಟ್ ಗ್ರೇವ್ಸ್ 1948ರ ತನ್ನ ಪುಸ್ತಕದಲ್ಲಿ ಕಟ್ಟಿದ್ದು. ನಿಜವಾಗಿ ಹಳೆಯವು ನಾಲ್ಕು ಐರಿಶ್ ಹಬ್ಬಗಳು: ನವೆಂಬರ್ 1ರ ಸೌವಿನ್, ಫೆಬ್ರವರಿ 1ರ ಇಂಬಾಲ್ಕ್, ಮೇ 1ರ ಬೆಲ್ಟೇನ್, ಆಗಸ್ಟ್ 1ರ ಲೂನಸ. ಸೌವಿನ್ ಹಿಂದಿನ ರಾತ್ರಿ ಶೀ ಗುಡ್ಡಗಳು ತೆರೆದುಕೊಳ್ಳುತ್ತವೆ ಎಂಬ ನಂಬಿಕೆ ಹಳೆಯ ಕಥೆಗಳಲ್ಲೇ ಇದೆ, ಅದನ್ನು ಧೈರ್ಯವಾಗಿ ಬಳಸಿ.

ಅಂದ ಮಾತ್ರಕ್ಕೆ ಹೊಸದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಿಯಾ ಈ ಕಾಲದವಳು, ಅವಳು ಹೊಸದನ್ನೂ ಹಳೆಯದನ್ನೂ ಬೆರೆಸಿಕೊಂಡೇ ಇರುತ್ತಾಳೆ. ಆದರೆ ಬರೆಯುವವರಿಗೆ ಯಾವುದು ಯಾವುದು ಅಂತ ತಿಳಿದಿರಬೇಕು. ಹಾಗೇ ಐರಿಶ್ ಮತ್ತು ವೆಲ್ಶ್ ಕಥೆಗಳನ್ನು ಕಲಸಬೇಡಿ. ಕಡಾಯಿಯಲ್ಲಿ ಒಂದು ವರ್ಷ ಒಂದು ದಿನ ಮದ್ದು ಕುದಿಸಿ, ಅದರ ಮೂರು ಹನಿ ಹುಡುಗನ ಬೆರಳಿಗೆ ಸಿಡಿದು ಜ್ಞಾನವೆಲ್ಲ ಅವನಿಗೆ ಹೋದ ಕಥೆ ಕೆರಿಡ್ವೆನ್‌ಳದು, ಅವಳು ವೇಲ್ಸ್‌ನವಳು. ಕ್ಲೇರ್‌ನ ಮುತ್ತಜ್ಜಿ ಅವಳ ಹೆಸರು ಹೇಳಿ ಮಂತ್ರ ಹಾಕಿದರೆ, ಯಾಕೆ ಹಾಗೆ ಅಂತ ಕಥೆಯಲ್ಲಿ ಒಂದು ಕಾರಣ ಬೇಕಾಗುತ್ತದೆ.

ಮೊರಿಗನ್ ಬಗ್ಗೆ ಮಾತ್ರ ಸ್ವಲ್ಪ ಉದ್ದ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಅವಳನ್ನು ಬರೀ ಖಳನಾಯಕಿ ಮಾಡಿದರೆ ನಿಮಗೇ ನಷ್ಟ. ಕೂಹುಲಿನ್ ಎಂಬ ವೀರನ ಹತ್ತಿರ ಅವಳು ಚೆಲುವೆಯಾಗಿ ಬರುತ್ತಾಳೆ, ಅವನು ಒಲ್ಲೆ ಅನ್ನುತ್ತಾನೆ. ಆಮೇಲೆ ಅವನು ಹೊಳೆ ದಾಟುವ ಜಾಗದಲ್ಲಿ ಕಾದಾಡುವಾಗ ಹಾವುಮೀನಾಗಿ ಕಾಲಿಗೆ ಸುತ್ತುತ್ತಾಳೆ, ತೋಳವಾಗಿ ಬರುತ್ತಾಳೆ, ಕಡಸಾಗಿ ನುಗ್ಗುತ್ತಾಳೆ. ಅವನು ಮೂರು ಸಲವೂ ಅವಳನ್ನು ಗಾಯಗೊಳಿಸುತ್ತಾನೆ. ಕೊನೆಗೆ ಅವನು ದಣಿದು ಬಾಯಾರಿ ಬಂದರೆ, ಒಬ್ಬ ಮುದುಕಿ ಹಸುವಿನ ಹಾಲು ಕರೆಯುತ್ತಾ ಕೂತಿರುತ್ತಾಳೆ. ಮೂರು ಸಲ ಹಾಲು ಕೊಡುತ್ತಾಳೆ, ಅವನು ಮೂರು ಸಲ ಹರಸುತ್ತಾನೆ, ಒಂದೊಂದು ಹರಕೆಗೂ ಅವಳ ಒಂದೊಂದು ಗಾಯ ಮಾಯುತ್ತದೆ. ಇವಳೇ ಅವಳು ಅಂತ ಅವನಿಗೆ ಗೊತ್ತೇ ಇಲ್ಲ. ಇಂಥ ದೇವತೆಯನ್ನು ಇಟ್ಟುಕೊಂಡು ಸುಮ್ನೆ ಹೆದರಿಸುವ ಕಾಗೆ ಮಾಡಬೇಡಿ.

ಗೇಶ್ ಅನ್ನೋದನ್ನೂ ಬಳಸಿ. ಅದು ಒಬ್ಬೊಬ್ಬರಿಗೆ ಹುಟ್ಟಿನಿಂದಲೋ ಹೆಸರಿನಿಂದಲೋ ಅಂಟಿಕೊಂಡ ನಿಷೇಧ, ಮುರಿದರೆ ಸರ್ವನಾಶ. ಕೂಹುಲಿನ್ ಚಿಕ್ಕವನಿದ್ದಾಗ ಕಮ್ಮಾರ ಕುಲಾನ್‌ನ ನಾಯಿಯನ್ನು ಕೊಂದು, ಅದರ ಬದಲಿಗೆ ತಾನೇ ಕಾವಲು ನಿಲ್ಲುತ್ತೇನೆ ಅಂದವನು. ಹಾಗಾಗಿ ನಾಯಿ ಮಾಂಸ ತಿನ್ನಬಾರದು. ಯಾರಾದರೂ ಊಟಕ್ಕೆ ಕರೆದರೆ ಬೇಡ ಅನ್ನಲೂಬಾರದು. ಮೂವರು ಮುದುಕಿಯರು ನಾಯಿ ಮಾಂಸ ಬೇಯಿಸಿಟ್ಟು ಊಟಕ್ಕೆ ಕರೆಯುತ್ತಾರೆ. ಏನು ಮಾಡಿದರೂ ಒಂದು ಮುರಿಯಲೇಬೇಕು. ಅಲ್ಲಿಗೆ ಅವನ ಬಲ ಹೋಯಿತು. ಹದಿನೇಳರ ಹುಡುಗಿಯ ಕಥೆಗೆ ಇದಕ್ಕಿಂತ ಒಳ್ಳೆಯ ಇಕ್ಕಟ್ಟು ಬೇಕಾ?

ನಾಪೋಕ್ಲು ಅಕ್ಕ ಬರೆದದ್ದು:

ನಿಮ್ಮ ಗೆಳತಿ ಯಾಕೆ ಬೇಡ ಅಂದಳು ಅಂತ ನನಗೆ ಅರ್ಥವಾಯಿತು ತಂಗಿ, ಹೇಳುತ್ತೇನೆ.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒಂದೊಂದೂ ಒಂದೊಂದು ಊರಿನದು, ಒಂದೊಂದರಲ್ಲೂ ಒಬ್ಬೊಬ್ಬ ದೇವರು: ಅಯ್ಯಪ್ಪ, ಭಗವತಿ, ಮಹಾದೇವ. ಅಲ್ಲಿ ಮರ ಕಡಿಯುವುದಿಲ್ಲ, ಬೇಟೆ ಆಡುವುದಿಲ್ಲ. ಯಾರು ಯಾವಾಗ ಒಳಗೆ ಹೋಗಬಹುದು ಅನ್ನುವುದಕ್ಕೂ ಕೆಲವು ಕಡೆ ಕಟ್ಟುಪಾಡು ಇದೆ. ಅಲ್ಲಿ ಈಗಾಗಲೇ ಒಬ್ಬರು ಇದ್ದಾರೆ ಅಂತ ನಾವು ನಂಬಿದ್ದೇವೆ. ಅವರ ಅಂಗಳದಲ್ಲಿ, ಅವರನ್ನು ಒಂದು ಮಾತೂ ಕೇಳದೆ, ಹೊರಗಿನ ದೇವತೆಗಳಿಗೆ ಬಾಗಿಲು ತೆರೆದರೆ ಓದುವ ನಮಗೆ ಬೇಜಾರಾಗುತ್ತದೆ. ಇದರಲ್ಲಿ ಐರ್ಲೆಂಡ್ ಅನ್ನೋದೇನೂ ಇಲ್ಲ. ಬೇರೆ ಊರಿನ ದೇವರನ್ನು ತಂದು ಕೂರಿಸಿದರೂ ಹೀಗೇ ಅನ್ನಿಸುತ್ತದೆ.

ಇನ್ನೊಂದು ಮಾತು. ನಿಯಾ ಕ್ಲೇರ್ ಕೌಂಟಿಯವಳು ಅಂದಿರಿ. ಅಲ್ಲೇ, ಲಾಟೂನ್ ಎಂಬಲ್ಲಿ, 1999ರಲ್ಲಿ ದೊಡ್ಡ ರಸ್ತೆ ಮಾಡುವಾಗ ಒಂಟಿ ಹಾಥಾರ್ನ್ ಗಿಡವೊಂದು ಅಡ್ಡ ಬಂತು. ಅದು ಶೀ ಜನ ಸೇರುವ ಗಿಡ, ಕಡಿಯಬಾರದು ಅಂತ ಕಥೆಗಾರ ಎಡ್ಡಿ ಲೆನಿಹನ್ ಪತ್ರಿಕೆಗಳಲ್ಲೆಲ್ಲ ಕೂಗೆಬ್ಬಿಸಿದರು. ಕೊನೆಗೆ ಗಿಡ ಉಳಿಯುವ ಹಾಗೆ ರಸ್ತೆ ಮಾಡಿದರು. ಅಂಥ ಊರಿನಲ್ಲಿ, ಅದೂ ಇಂಥ ಮನೆತನದಲ್ಲಿ ಬೆಳೆದ ಹುಡುಗಿಗೆ ದೇವರಕಾಡು ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಚಿಗೆ ಬಂದ ಕೂಡಲೇ ಅವಳ ಕಾಲು ತಾನಾಗಿ ನಿಲ್ಲುತ್ತದೆ. ಒಳಗೆ ನುಗ್ಗಿ ಮಂತ್ರ ಹಾಕುವ ನಿಯಾ ನೀವು ಮೇಲೆ ಹೇಳಿದ ನಿಯಾ ಅಲ್ಲವೇ ಅಲ್ಲ.

ಮೇಲಿನವರು ಹೇಳಿದ ನಾಯಿ ಕಥೆ ಓದಿ ನನಗೆ ಮೈ ಜುಂ ಎಂದಿತು. ಯಾಕೆ ಗೊತ್ತಾ? ನಮ್ಮಲ್ಲಿ ಅಯ್ಯಪ್ಪ ಬೇಟೆಯ ದೇವರು. ಎಷ್ಟೋ ಅಯ್ಯಪ್ಪನ ಕಾಡುಗಳಲ್ಲಿ ಹರಕೆಗೆ ಮಣ್ಣಿನ ನಾಯಿ ಒಪ್ಪಿಸುತ್ತಾರೆ. ಮರದ ಬುಡದಲ್ಲಿ ಹಳೆಯವು, ಹೊಸವು, ಕಿವಿ ಮುರಿದವು, ಪಾಚಿ ಹಿಡಿದವು, ರಾಶಿ ರಾಶಿ ಇರುತ್ತವೆ. ನಿಯಾಳ ಮನೆತನಕ್ಕೂ ನಾಯಿಯ ಗೇಶ್ ಇದೆ ಅಂತ ಇಟ್ಟುಕೊಳ್ಳಿ, ಅಂಥ ಹುಡುಗಿ ಕಾಡಿನ ಅಂಚಿನಲ್ಲಿ ನಿಂತು ಆ ರಾಶಿ ನೋಡಿದರೆ ಅವಳಿಗೆ ಏನಾಗಬೇಡ! ಆ ನಾಯಿಗಳು ಅವಳನ್ನು ಒಳಗೆ ಬಿಡುತ್ತವಾ, ತಡೆಯುತ್ತವಾ ಅಂತ ನೀವೇ ಬರೆಯಿರಿ. ಬಾಗಿಲು ಮಾತ್ರ ಅಲ್ಲಿ ತೆರೆಯಬೇಡಿ.

ಕಾಗೆ ವಿಷಯವನ್ನೂ ಸ್ವಲ್ಪ ನೋಡಿಕೊಳ್ಳಿ. ಸಾವಾದ ಮನೆಯ ಹೆಂಚಿನ ಮೇಲೆ ಕಾಗೆ ಕೂತರೆ ನಮ್ಮ ಓದುಗರಲ್ಲಿ ಹೆಚ್ಚಿನವರು ತೀರಿಕೊಂಡ ಅಜ್ಜನನ್ನೇ ನೆನೆಯುತ್ತಾರೆ. ನಿಯಾ ಮಾತ್ರ ಮೊರಿಗನ್ ಅಂತ ನಡುಗುತ್ತಾಳೆ. ಅಮ್ಮ ಎಲೆಯಲ್ಲಿ ಅನ್ನ ತಂದಿಡುತ್ತಾಳೆ. ಇಬ್ಬರಲ್ಲಿ ಯಾರು ಸರಿ ಅಂತ ಬೇಗ ಹೇಳಿಬಿಡಬೇಡಿ.

ಮಂಜಿನಮಲೆ:

ಅಕ್ಕ, ಲಾಟೂನ್ ಗಿಡದ ವಿಷಯ ಓದಿದ ಮೇಲೆ ಆ ಅಧ್ಯಾಯ ಇಟ್ಟುಕೊಳ್ಳುವ ಹಾಗೇ ಇಲ್ಲ, ತೆಗೆಯುತ್ತೇನೆ. ಮಣ್ಣಿನ ನಾಯಿಗಳ ದೃಶ್ಯ ಖಂಡಿತ ಬರುತ್ತದೆ. ಆದರೆ ಬಾಗಿಲು ಎಲ್ಲಾದರೂ ತೆರೆಯಲೇಬೇಕು, ಮುಂದಿನ ಕಥೆಯೆಲ್ಲ ಅದರ ಮೇಲಿದೆ. ಎಲ್ಲಿ ತೆರೆಯಲಿ?

ಬೇಟೋಳಿ ಮೇಷ್ಟ್ರು ಬರೆದದ್ದು:

ಕಲ್ಲಿನ ಹತ್ತಿರ ತೆರೆಯಿರಿ.

ವಿರಾಜಪೇಟೆ ಸುತ್ತಮುತ್ತ ಹಳೆಯ ಕಲ್ಲುಮನೆಗಳಿವೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಸಮಾಧಿಗಳು. ನಮ್ಮ ಜನ ಪಾಂಡು ಪಾರೆ ಅಂತ ಕರೆದು, ಪಾಂಡವರು ವನವಾಸದಲ್ಲಿ ಕಟ್ಟಿಕೊಂಡ ಮನೆ ಅಂದರು. ಐರ್ಲೆಂಡಿನಲ್ಲೂ ಇಂಥ ಕಲ್ಲುಗಳಿವೆ, ಕ್ಲೇರ್‌ನ ಬರ್ರನ್ ಬಯಲಿನ ಪೌಲ್‌ನಬ್ರೋನ್ ಅದರಲ್ಲಿ ಹೆಸರಾದದ್ದು. ಅಲ್ಲಿನ ಜನ ಇಂಥವನ್ನು ಡಿಯರ್ಮಿಡ್ ಮತ್ತು ಗ್ರಾನ್ಯಾರ ಹಾಸಿಗೆ ಅನ್ನುತ್ತಿದ್ದರು. ಮುದುಕನಿಗೆ ನಿಶ್ಚಯವಾಗಿದ್ದ ಗ್ರಾನ್ಯಾ ಡಿಯರ್ಮಿಡ್ ಜೊತೆ ಓಡಿಹೋಗಿ, ರಾತ್ರಿಗೊಂದು ಕಡೆ ಮಲಗುತ್ತಾ ದೇಶವೆಲ್ಲ ಅಲೆದರಂತೆ. ಕಟ್ಟಿದವರು ಯಾರು ಅಂತ ಮರೆತುಹೋದ ಮೇಲೆ ಎರಡೂ ಕಡೆಯವರು ಊರು ಬಿಟ್ಟು ಅಲೆದವರ ಕಥೆಯನ್ನೇ ಅಲ್ಲಿ ಇಟ್ಟರು. ನಿಯಾ ಅಮ್ಮನೂ ಊರು ಬಿಟ್ಟವರೇ ಅಲ್ವಾ?

ಈಗ ಮುಖ್ಯ ವಿಷಯ. ಅಲ್ಲಿನ ಕಲ್ಲುಗಳು ಲೋಹವೇ ಗೊತ್ತಿಲ್ಲದ ಕಾಲದವು, ಪೌಲ್‌ನಬ್ರೋನ್‌ಗೆ 5,000 ವರ್ಷದ ಮೇಲಾಯಿತು. ದಕ್ಷಿಣ ಭಾರತದ ಇಂಥ ಸಮಾಧಿಗಳು ಹೆಚ್ಚಾಗಿ ಕಬ್ಬಿಣ ಯುಗದವು. ಅವುಗಳ ಒಳಗೆ ಕಪ್ಪು ಕೆಂಪು ಮಡಕೆಗಳ ಜೊತೆ ಕಬ್ಬಿಣದ ಆಯುಧ, ಹತಾರ ಸಿಗುತ್ತವೆ. ಮತ್ತೆ ಐರಿಶ್ ಜನರ ನಂಬಿಕೆ ಏನು? ಶೀ ಜನಕ್ಕೆ ಕಬ್ಬಿಣ ಆಗದು. ತೊಟ್ಟಿಲ ಮೇಲೆ ಕಬ್ಬಿಣದ ಇಕ್ಕಳ ಇಟ್ಟರೆ ಮಗುವನ್ನು ಕದಿಯಲಾರರು. ಹಾಗಾದರೆ ನಿಯಾ ಇಲ್ಲಿ ಬಾಗಿಲೇನೋ ತೆರೆಯುತ್ತಾಳೆ, ಕಲ್ಲು ನೋಡಲು ಥೇಟ್ ಅಲ್ಲಿನ ಹಾಗೇ ಇದೆ, ಆದರೆ ಹೊಸ್ತಿಲಲ್ಲೇ ಕಬ್ಬಿಣ. ಅವರು ದಾಟಲಾರರು. ಆ ಕಡೆ ನಿಂತು ಮಾತಾಡಬಹುದು, ಅಷ್ಟೇ. ಮೊರಿಗನ್ ಒಬ್ಬಳು ದಾಟುತ್ತಾಳೋ ಇಲ್ಲವೋ ನಿಮಗೆ ಬಿಟ್ಟದ್ದು. ಅವಳು ಯುದ್ಧದೇವತೆ, ಕತ್ತಿ ಈಟಿ ನಡುವೆಯೇ ಇರುವವಳು. ನನಗೆ ಕೇಳಿದರೆ ಅವಳು ಹಾದುಬರುತ್ತಾಳೆ.

ಬಂದರೂ ಐನ್‌ಮನೆಯಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಒಡಿಕತ್ತಿ, ಪೀಚೆಕತ್ತಿ, ಕೋವಿ ಎಲ್ಲ ನೆಲ್ಲಕ್ಕಿಯಲ್ಲಿ (ಮನೆಯ ನಡುಕೋಣೆಯಲ್ಲಿ) ಇಟ್ಟು, ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ನಿಮ್ಮ ಕೊನೆಯ ಅಧ್ಯಾಯ ಅಲ್ಲಿಗೆ ಬಂದು ಮುಟ್ಟಬಹುದು.

ಇದೆಲ್ಲ ಕಥೆಯ ಮಾತಾಯಿತು. ಮೇಷ್ಟ್ರಾಗಿ ಒಂದು ವಿಷಯ ಹೇಳಲೇಬೇಕು, ಸ್ವಲ್ಪ ಖಾರವಾದರೂ ಪರವಾಗಿಲ್ಲ. ಮಾಟಗಾತಿ ಅನ್ನೋ ಹಣೆಪಟ್ಟಿ ಹೆಂಗಸರ ಜೀವ ತೆಗೆದಿದೆ. 1324ರಲ್ಲಿ ಕಿಲ್ಕೆನ್ನಿಯಲ್ಲಿ ಆಲಿಸ್ ಕಿಟೆಲರ್ ಎಂಬ ಶ್ರೀಮಂತೆಯ ಮೇಲೆ ಮಾಟದ ಆರೋಪ ಬಂತು. ಅವಳು ತಪ್ಪಿಸಿಕೊಂಡಳು, ಅವಳ ಕೆಲಸದವಳು ಪೆಟ್ರೋನಿಲ್ಲಾಳನ್ನು ಸುಟ್ಟರು. 1895ರಲ್ಲಿ ಟಿಪ್ಪರೆರಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೆಂಗಸು ಕಾಯಿಲೆ ಬಿದ್ದಾಗ, ಇವಳು ನನ್ನ ಹೆಂಡತಿಯಲ್ಲ, ಶೀ ಜನ ಬದಲಿಸಿಟ್ಟವಳು ಅಂತ ಗಂಡನೇ ಬೆಂಕಿ ಹಚ್ಚಿದ. ನಮ್ಮ ಕಡೆಯೂ ಮಾಟ ಮಾಡಿಸಿದಳು ಅನ್ನುವ ಮಾತು ಬೀಳುವುದು ಒಂಟಿ ಹೆಂಗಸು, ವಿಧವೆ, ಬಡವೆಯ ಮೇಲೆಯೇ. ಕರ್ನಾಟಕದಲ್ಲಿ ವಾಮಾಚಾರ ತಡೆಯುವ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರಲ್ಲಿ. ಅಂದರೆ ಮೊನ್ನೆ ಮೊನ್ನೆ. ನೀವು ಮಕ್ಕಳಿಗೆ ಬರೆಯುತ್ತಿದ್ದೀರಿ. ನಿಯಾಳನ್ನು ಊರಲ್ಲಿ ಯಾರಾದರೂ ಹಾಗೆ ಕರೆಯುವ ದೃಶ್ಯ ಬಂದರೆ ಅದರ ನೋವು ಪೂರ್ತಿ ಕಾಣಲಿ, ತಮಾಷೆಯಾಗಿ ಹಾರಿಸಿಬಿಡಬೇಡಿ.

ಮುತ್ತಜ್ಜಿಗೆ ಬಿಡ್ಡಿ ಅರ್ಲಿಯ ನೆರಳು ಕೊಡಿ. ಅವಳೂ ಕ್ಲೇರ್‌ನವಳು, 19ನೇ ಶತಮಾನದವಳು, ಒಂದು ನೀಲಿ ಸೀಸೆ ಇಟ್ಟುಕೊಂಡು ಬಡವರಿಗೆ, ದನಕರುಗಳಿಗೆ ಮದ್ದು ಕೊಡುತ್ತಿದ್ದಳು. ಪಾದ್ರಿಗಳು ವಿರೋಧಿಸಿದರೂ ಜನ ಅವಳ ಮನೆಗೆ ಹೋಗುವುದು ಬಿಡಲಿಲ್ಲ.

ಪೊನ್ನಂಪೇಟೆ ಪುಟ್ಟಿ ಬರೆದದ್ದು:

ನಾನು ಫಸ್ಟ್ ಪಿಯುಸಿ. ಇಂಥ ಪುಸ್ತಕ ಓದುವವಳು ನಾನೇ, ಹಾಗಾಗಿ ನಾನೂ ಹೇಳಬಹುದು ಅಂದುಕೊಂಡಿದ್ದೇನೆ.

ಅಕ್ಕ, ನಿಯಾ ಜುಲೈ ಕೊನೆಯಲ್ಲಿ ಬರುತ್ತಾಳೆ ಅಂದಿರಲ್ಲ, ಅದು ಕಕ್ಕಡ ತಿಂಗಳು! ಮಳೆ ಬಿಡುವುದೇ ಇಲ್ಲ. ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ತೋಟಕ್ಕೆ ಕಾಲಿಟ್ಟರೆ ಜಿಗಣೆ. ಮೊಬೈಲಲ್ಲಿ ಚಂದ್ರನ್ನ ನೋಡುವ ಮಾಟಗಾತಿಗೆ ಮೊಬೈಲೂ ಇಲ್ಲ, ಮೋಡದಲ್ಲಿ ಚಂದ್ರನೂ ಇಲ್ಲ. ಅವಳ ವಿದ್ಯೆ ನಡೆಯುತ್ತದಾ ಅಂತ ಕೇಳಿದಿರಿ. ನನ್ನ ಪ್ರಕಾರ ಮೊದಲು ಏನೂ ನಡೆಯಬಾರದು, ಯಾಕೆಂದರೆ ಅವಳ ಹಬ್ಬ ಮತ್ತು ನಮ್ಮ ಹಬ್ಬ ಹೊಂದುವುದಿಲ್ಲ. ಆಗಸ್ಟ್ 1ಕ್ಕೆ ಅವಳಿಗೆ ಲೂನಸ, ಅಂದರೆ ಹೊಸ ಬೆಳೆ ಕೊಯ್ಯುವ ಹಬ್ಬ. ನಮ್ಮಲ್ಲಿ ಆಗ ಗದ್ದೆಯಲ್ಲಿ ನಾಟಿ ನಡೆಯುತ್ತಿರುತ್ತದೆ, ಕೊಯ್ಲು ಪುತ್ತರಿ ಹಬ್ಬಕ್ಕೆ, ನವೆಂಬರ್ ಡಿಸೆಂಬರ್‌ನಲ್ಲಿ. ಕೊಯ್ಲಿನ ಮಂತ್ರವನ್ನು ನಾಟಿ ಗದ್ದೆಯಲ್ಲಿ ಹೇಳಿದರೆ ಏನಾಗುತ್ತದೆ? ಅದನ್ನು ಓದಬೇಕು ನನಗೆ.

ಎರಡು ದಿನ ಬಿಟ್ಟು ಆಗಸ್ಟ್ 3ಕ್ಕೆ ಕಕ್ಕಡ 18. ಅವತ್ತು ಮದ್ದು ಸೊಪ್ಪಿನಲ್ಲಿ 18 ಬಗೆ ಮದ್ದು ಸೇರಿಕೊಂಡಿರುತ್ತದೆ ಅಂತಾರೆ. ಕುದಿಸಿದರೆ ನೀರು ಗಾಢ ನೇರಳೆ, ಮನೆಯೆಲ್ಲ ಘಮ. ಅದರಲ್ಲಿ ಪಾಯಸ ಮಾಡುತ್ತಾರೆ, ಮಾರನೆಯ ದಿನ ಮೂತ್ರ ಕೂಡ ಕೆಂಪಗಾಗುತ್ತದೆ. ನಿಯಾ ಅದನ್ನು ನೋಡಿ ಎಷ್ಟು ಹೆದರಬಹುದು ಯೋಚಿಸಿ! ಅವಳ ಇಲ್ಲಿನ ಅಜ್ಜಿ, ಅಂದರೆ ಅಮ್ಮನ ಅಮ್ಮ, ಯಾವ ಮಂತ್ರವನ್ನೂ ಹೇಳದೆ ಒಲೆ ಮುಂದೆ ನಿಂತು ಇದನ್ನು ಮಾಡುತ್ತಾರೆ. ಅಜ್ಜಿ ಮಾಟಗಾತಿ ಅಂತ ಮಾತ್ರ ಬರೆಯಬೇಡಿ ಪ್ಲೀಸ್, ಅವರು ಬರೀ ಅಜ್ಜಿ. ನಿಯಾಗೆ ಆ ಸೊಪ್ಪು ಕೊಯ್ಯಲು, ಕುದಿಸಲು ಕಲಿಸಲಿ ಸಾಕು.

ಆಮೇಲೆ ನಿಯಾ ಲೋಕವನ್ನೆಲ್ಲ ಉಳಿಸಬೇಕಾಗಿಲ್ಲ. ಅಂಥ ಪುಸ್ತಕ ತುಂಬಾ ಓದಿದ್ದೇನೆ. ಅವಳು ಅಮ್ಮನ ಜೊತೆ ಜಗಳ ಆಡಲಿ, ಇಲ್ಲಿನ ಕಸಿನ್ ಜೊತೆ ಸ್ನೇಹ ಆಗಲಿ, ಆ ಕಸಿನ್‌ಗೆ ಮಾಟದಲ್ಲಿ ನಂಬಿಕೆ ಇಲ್ಲದೆ ಇರಲಿ. ಮತ್ತೆ ಅವರು ನಮ್ಮ ಥರ ಮಾತಾಡಲಿ. ಅನುವಾದದ ಥರ ಬೇಡ.

ಹಳೇಪುಟ:

ಪುಟ್ಟಿ ಹೇಳಿದ ಕ್ಯಾಲೆಂಡರ್ ವಿಷಯ ಈ ಇಡೀ ಚರ್ಚೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು. ಅದಕ್ಕೆ ಒಂದು ಸೇರಿಸುತ್ತೇನೆ. ಲೂನಸ ದಿನಗಳಲ್ಲಿ ಐರಿಶ್ ಜನ ಬೆಟ್ಟ ಹತ್ತುತ್ತಿದ್ದರು, ಕಾಡುಹಣ್ಣು ಕೀಳುತ್ತಿದ್ದರು. ಈಗಲೂ ಜುಲೈ ಕೊನೆಯ ಭಾನುವಾರ ಕ್ರೋ ಪ್ಯಾಟ್ರಿಕ್ ಬೆಟ್ಟಕ್ಕೆ ಸಾವಿರಾರು ಜನ ಹತ್ತುತ್ತಾರೆ, ಕೆಲವರು ಬರಿಗಾಲಲ್ಲಿ. ನಿಯಾ ಅದೇ ಹಟದಲ್ಲಿ ಕಕ್ಕಡದ ಮಳೆಯಲ್ಲಿ ತಡಿಯಂಡಮೋಳ್ ಬೆಟ್ಟದ ಕಡೆ ಹೊರಟರೆ ಅವಳ ಹಿಂದೆ ಹುಡುಕಿಕೊಂಡು ಹೋಗುವವಳು ಆ ನಂಬದ ಕಸಿನ್ ಆಗಲಿ.

ಮಂಜಿನಮಲೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಈಗ ಹೀಗೆ ಅಂದುಕೊಂಡಿದ್ದೇನೆ. ಆಗಸ್ಟ್ 1ರ ಮಂತ್ರ ಕೆಡುತ್ತದೆ. ಬೆಟ್ಟಕ್ಕೆ ಹೋಗಿ ದಾರಿ ತಪ್ಪುತ್ತದೆ, ಕಸಿನ್ ಕರೆತರುತ್ತಾಳೆ. ಕಕ್ಕಡ 18 ಅಜ್ಜಿಯದು. ದೇವರಕಾಡಿನ ಅಂಚಿನಲ್ಲಿ ನಾಯಿಗಳು ಅವಳನ್ನು ನಿಲ್ಲಿಸುತ್ತವೆ. ಬಾಗಿಲು ಪಾಂಡು ಪಾರೆಯಲ್ಲಿ, ದಾಟುವವಳು ಮೊರಿಗನ್ ಒಬ್ಬಳೇ. ಕೈಲ್‌ಪೊಳ್ದ್ ದಿನ ಅವಳು ಮುದುಕಿಯಾಗಿ ಐನ್‌ಮನೆ ಅಂಗಳಕ್ಕೆ ಬಂದು ಊಟ ಕೇಳುತ್ತಾಳೆ. ನಿಯಾಗೆ ಅವಳು ಯಾರು ಅಂತ ಗೊತ್ತು. ಅಜ್ಜಿಗೂ ಗೊತ್ತಿರಬಹುದು. ಬಂದವರನ್ನು ಹಸಿದು ಕಳಿಸುವ ಮನೆ ಅದಲ್ಲ, ಹಾಗಾಗಿ ಎಲೆ ಹಾಕಿ ಕಡಂಬುಟ್ಟು, ಪಂದಿಕರಿ ಬಡಿಸುತ್ತಾರೆ. ಊಟ ಮುಗಿಸಿ ಅವಳು ಏನು ಕೇಳುತ್ತಾಳೆ ಅನ್ನೋದು ಇನ್ನೂ ಸಿಕ್ಕಿಲ್ಲ.

ಮೇಷ್ಟ್ರೇ, ಪಾಂಡು ಪಾರೆ ನೋಡಲು ಹೋಗಬೇಕು. ಮಳೆ ಕಡಿಮೆಯಾದ ಮೇಲೆ ಯಾವ ದಾರಿ ಸರಿ ಅಂತ ತಿಳಿಸುತ್ತೀರಾ?

ಪೊನ್ನಂಪೇಟೆ ಪುಟ್ಟಿ:

ಅಕ್ಕ, ಅವಳು ಏನೂ ಕೇಳದೆ ಎದ್ದು ಹೋಗಲಿ. ಸಾಲ ನಿಯಾದು ಅಲ್ಲ, ಈಗ ಅವಳದು. ಉಂಡವಳು ಅವಳೇ ತಾನೇ? ಅಧ್ಯಾಯ ಆದ ಕೂಡಲೇ ನನಗೆ ಮೊದಲು ಕಳಿಸಿ, ಪರೀಕ್ಷೆ ಇದ್ದರೂ ಓದುತ್ತೇನೆ.